ಠೂ

ಬೀಟಾ ಮೂರನ್ನು ಇಳಿಸಿಕೊಂಡವಳು ನಾನೇ.
ಕೆಲಸದ ಕಂಪ್ಯೂಟರಿಗೆ ಹಾಕಬೇಡಿ ಎಂದು
ಮೊದಲ ಪರದೆಯಲ್ಲೇ ದಪ್ಪಕ್ಷರದಲ್ಲಿತ್ತು.
ನನಗಿರುವುದೇ ಒಂದು ಕಂಪ್ಯೂಟರು.
ಹೊಸ ಕಿಟಕಿಗಳ ಅಂಚು ಗಾಜಿನಂತೆ ಹೊಳೆಯುತ್ತದಂತೆ,
ಅಷ್ಟಕ್ಕೇ ಮರುಳಾದೆ.
ಮಾಡಿದ್ದುಣ್ಣೋ ಮಹರಾಯ.

ಟಿಬಿಲಿಸಿ, ಸೊಲೊಲಾಕಿಯ ವಠಾರ, ರಾತ್ರಿ ಹತ್ತೂಕಾಲು.
ಇವತ್ತು ಹದಿನೈದು. ಹನ್ನೆರಡು ಹೊಡೆಯುವುದರೊಳಗೆ
ತೆರಿಗೆ ಲೆಕ್ಕ ಕಳಿಸಬೇಕು: ರೊಟ್ಟಿ ಒಲೆಯ ಗುರಾಮನದು,
ಛತ್ರಿ ರಿಪೇರಿಯವನದು, ಹಲ್ಲಿನ ಡಾಕ್ಟರಮ್ಮನದು,
ಹದಿನಾರು ಗಿರಾಕಿಗಳು, ಹದಿನಾರು ಪಾಸ್‌ವರ್ಡು,
ಒಂದೊಂದೂ ನಲವತ್ತು ಅಕ್ಷರ,
ಬೆಕ್ಕು ಕೀಲಿಮಣೆಯ ಮೇಲೆ ನಡೆದ ಹಾಗೆ.

ತಿಜೋರಿ ತೆರೆದೇ ಇದೆ.
ಬ್ರೌಸರಿನ ಮೂಲೆಯಲ್ಲಿರುವ ಅದರ ಪುಟ್ಟ ಗುರುತು ಮಾತ್ರ
ಬೂದಿ ಬಣ್ಣ. ಒತ್ತಿದರೆ ಕೇಳುತ್ತದೆ:
‘ಆಪ್ ಸಿಗುತ್ತಿಲ್ಲ. ಈ ಯಂತ್ರದಲ್ಲಿ ಇದೆಯೇ?’
ಇದೆ ಮಾರಾಯ್ತಿ, ನಿನ್ನ ಗೋಡೆಗೆ ಗೋಡೆ ಅಂಟಿಕೊಂಡೇ ಇದೆ!
ಎರಡನ್ನೂ ಹೆತ್ತದ್ದು ಒಂದೇ ಕಂಪನಿ,
ಠೂ ಬಿಟ್ಟು ಕೂತಿವೆ.

ನೋಡಿಕೊಂಡು ಟೈಪು ಮಾಡಬಹುದಿತ್ತು, ಒಪ್ಪುತ್ತೇನೆ.
ಅಷ್ಟು ಹೊತ್ತಿಗೆ ಹಟ ಬಂದಿತ್ತು.

ಆರಿಸಿ ಹೊತ್ತಿಸಿದೆ. ಕಿತ್ತು ಮತ್ತೆ ನೆಟ್ಟೆ.
ಬೇರೆ ಬ್ರೌಸರಿನಲ್ಲಿ ನೋಡಿದೆ,
ಒಂದು ನಿಮಿಷ ನೀಲಿ,
ನಾನು ಉಸಿರು ಬಿಟ್ಟದ್ದೇ ತಡ, ಬೂದಿ.

ನಮ್ಮ ವಠಾರದಲ್ಲೂ ಇಬ್ಬರಿದ್ದಾರೆ,
ಕೆಳಗೆ ನಾಜಿಬ್ರೋಲಾ, ಎದುರು ಮೊಗಸಾಲೆಯಲ್ಲಿ ಲಮಾರಾ.
ರಾಟೆಗೆ ಕಟ್ಟಿದ ಬಟ್ಟೆಹಗ್ಗದಲ್ಲಿ
ಯಾರ ದುಪ್ಪಟಿ ಯಾರದರ ಮೇಲೆ ಬಿತ್ತೋ,
ಆವತ್ತಿನಿಂದ ಮಾತಿಲ್ಲ.
ನನಗೆ ಒಂಬತ್ತು ವರ್ಷ. ಹಿಪ್ಪುನೇರಳೆ ಮರದ ಬುಡದಲ್ಲಿ
ನಿಂತಿರುತ್ತಿದ್ದೆ, ಕರೆದರೆ ಓಡುವುದಕ್ಕೆ.
‘ಮಕ್ವಾಲಾ, ಹೋಗಿ ಹೇಳು ಆ ಹಿಡಿಂಬಿಗೆ,
ನೀರಿನ ದುಡ್ಡು ಬಾಕಿ ಅಂತ.’
ಕಬ್ಬಿಣದ ಮೆಟ್ಟಿಲು ತಿರುತಿರುಗಿ ಹತ್ತುವಷ್ಟರಲ್ಲಿ
ಹಿಡಿಂಬಿ ಉದುರಿಹೋಗುತ್ತಿದ್ದಳು,
‘ದಯವಿಟ್ಟು’ ಒಂದು ಸೇರಿಕೊಳ್ಳುತ್ತಿತ್ತು.
ಅತ್ತ ಒಂದು ಚುರ್ಚ್‌ಖೇಲಾ, ಇತ್ತ ಒಂದು.
ಜಗಳ ಮುಗಿಯಲೆಂದು ನಾನೇನೂ ಹರಸಿಕೊಂಡಿರಲಿಲ್ಲ.

ಹನ್ನೊಂದಾಯಿತು. ಯಂತ್ರ ಬರೆದಿಟ್ಟ ದಾಖಲೆ ಬಿಚ್ಚಿದೆ.
ಸಾವಿರ ಸಾಲು ಗೊಣಗಾಟದ ನಡುವೆ ಒಂದು:
‘ದೂತ ಕೊಟ್ಟ ವಿಳಾಸದಲ್ಲಿ ಯಾರೂ ಇಲ್ಲ.’

ದೂತ!
ಇವೆರಡರ ನಡುವೆಯೂ ಒಂದು ಮರಿಕಡತ,
ಬರೀ ಹನ್ನೊಂದು ಸಾಲಿನದು,
ಇಲ್ಲಿನ ಮಾತು ಅಲ್ಲಿಗೆ, ಅಲ್ಲಿನದು ಇಲ್ಲಿಗೆ ಹೊರುವುದು.
ಹೊಸ ವ್ಯವಸ್ಥೆ ಮನೆ ಒರೆಸುವಾಗ
ಆಪನ್ನು ಇನ್ನೊಂದು ಕೋಣೆಗೆ ಎತ್ತಿಟ್ಟಿದೆ,
ಈ ಕೂಸಿಗೆ ಹೇಳಿದವರಿಲ್ಲ.
ನಮ್ಮ ಬೀದಿಗೂ ಮೂರು ಸಲ ಹೆಸರು ಬದಲಾಯಿತು,
ಕಾಗದಗಳು ಹಳೆಯ ಹೆಸರಿಗೇ ಹೋಗಿ
ಯಾವ ಯಾವುದೋ ಡಬ್ಬದಲ್ಲಿ ಹಳದಿಯಾದವು.

ಒಂದು ಸಾಲು ತಿದ್ದಿದೆ. ಒಂದು ಅನುಮತಿಯ ಗುಂಡಿ ಒತ್ತಿದೆ.
ನೀಲಿ.
ಕಾದೆ. ನೀಲಿಯೇ.
ಬೆರಳಿಟ್ಟೆ, ಗುರಾಮನ ಖಾನೆಯಲ್ಲಿ
ನಲವತ್ತು ಕರಿ ಚುಕ್ಕಿಗಳು
ಸಾಸಿವೆ ಚೆಲ್ಲಿದ ಹಾಗೆ ಸರಸರ ಬಿದ್ದವು.

ಹನ್ನೆರಡಕ್ಕೆ ನಾಲ್ಕು ನಿಮಿಷ: ಹದಿನಾರನೆಯದೂ ಹೋಯಿತು.

ನಾನು ಓದಲು ಬಟೂಮಿಗೆ ಹೋದಾಗ ಅಮ್ಮ ಅಂದಿದ್ದಳು,
ಹುಡುಗಿ ಇಲ್ಲ, ಇನ್ನಾದರೂ ಮಾತಾಡಿಯಾರು.
ಎಲ್ಲಿ ಬಂತು. ಒಂದು ಬೆಕ್ಕು ಸಾಕಿದರು.
ಹೇಳಬೇಕಾದ್ದನ್ನೆಲ್ಲ ಅದಕ್ಕೇ ಹೇಳುವುದು,
ಎದುರು ಮನೆಗೆ ಕೇಳುವಷ್ಟು ಗಟ್ಟಿಯಾಗಿ.

ಈಗಲೂ ಕೆಳಗಿನಿಂದ ನಾಜಿಬ್ರೋಲಾಳ ದನಿ:
‘ನೋಡಿದೆಯೇನೋ ಪುಟ್ಟಾ, ಮೇಲಿನವಳ ದೀಪ ಇನ್ನೂ ಉರೀತಿದೆ.
ಉಂಡಳೋ ಇಲ್ಲವೋ.’
ಲಮಾರಾಳ ಕದ ಕಿರ್ರೆಂದಿತು.
ಪರದೆಯ ಮೂಲೆಯಲ್ಲಿ ಒಂದು ಪಟ್ಟಿ ಜಾರಿ ಬಂತು:
ಬೀಟಾ ನಾಲ್ಕು ಸಿದ್ಧವಿದೆ, ಈಗಲೇ ಹಾಕಲೇ?

ಕಿಟಕಿಗೆ ಬಾಗಿ ಕೂಗಿದೆ,
‘ಉಣ್ಣಲಿಲ್ಲ ಅಂತ ಹೇಳು, ಪುಟ್ಟಾ.’